ತುಂಡು ವಾಕ್ಯ ಕೂಡಿಸಿ ಅಂದರೆ ಮಕ್ಕಳು ‘ಅಂಡ್’, ‘ಬಿಕಾಸ್’ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಮಂಡ್ಯ_ಟ್ಯೂಷನ್:

ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪಿಯುಸಿಗೆ ಬಂದಿರುವ ಮಕ್ಕಳು. ಎರಡು ಮೂರು ಪುಟ್ಟ ಇಂಗ್ಲಿಷ್ ವಾಕ್ಯ ಕೊಟ್ಟು, ಅವನ್ನೇ ಒಮ್ಮೆ ಸಿಂಪಲ್, ಒಮ್ಮೆ ಕಾಂಪೌಂಡ್, ಒಮ್ಮೆ ಕಾಂಪ್ಲೆಕ್ಸ್ ಮಾಡಿಸಬೇಕು. ವ್ಯಾಖ್ಯೆ ಎಲ್ಲರಿಗೂ ಬಾಯಿಪಾಠ. ಬರೆಯಲು ಕೂತರೆ ಮಾತ್ರ ಕಾಂಪೌಂಡ್‌ಗೆಲ್ಲ ‘ಅಂಡ್’, ಕಾಂಪ್ಲೆಕ್ಸ್‌ಗೆಲ್ಲ ‘ಬಿಕಾಸ್’, ಸಿಂಪಲ್ ಜಾಗ ಖಾಲಿ.

ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲೇ ಹಾಕುತ್ತಿದ್ದೇನೆ. ಉತ್ತರ ಕೊಡುವವರೂ ಹಾಗೇ ಬರೆದರೆ ಮೊಬೈಲಿನಲ್ಲೇ ಮಕ್ಕಳಿಗೆ ತೋರಿಸಬಹುದು. ನೋಟ್‌ಬುಕ್‌ಗಳಲ್ಲಿ ಮತ್ತೆ ಮತ್ತೆ ಸಿಗುವ ನಾಲ್ಕು ತೊಡಕು:

1. ‘ದ ರೇನ್ ಸ್ಟಾಪ್ಡ್. ದ ಚಿಲ್ಡ್ರನ್ ವೆಂಟ್ ಔಟ್ ಟು ಪ್ಲೇ.’ ಇದನ್ನು ಸಿಂಪಲ್ ಮಾಡಿ ಅಂದರೆ ‘ಸ್ಟಾಪಿಂಗ್ ದ ರೇನ್, ದ ಚಿಲ್ಡ್ರನ್ ವೆಂಟ್ ಔಟ್ ಟು ಪ್ಲೇ’ ಅಂತ ಬರೆಯುತ್ತಾರೆ. ತಪ್ಪು ಅಂತ ಗೊತ್ತು, ಯಾಕೆ ತಪ್ಪು ಅಂತ ಅವರಿಗೆ ಒಪ್ಪುವ ಹಾಗೆ ಹೇಳಲು ಆಗುತ್ತಿಲ್ಲ.
2. ‘ಆಲ್ದೋ ಹೀ ಈಸ್ ಪೂರ್, ಬಟ್ ಹೀ ಈಸ್ ಆನೆಸ್ಟ್.’ ಎಷ್ಟು ಸಲ ತಿದ್ದಿದರೂ ‘ಬಟ್’ ವಾಪಸ್ ಬರುತ್ತದೆ.
3. ‘ಹೀ ಕೇಮ್ ಇನ್ ಅಂಡ್ ಸ್ಯಾಟ್ ಡೌನ್.’ ಇದು ಸಿಂಪಲ್ಲೋ ಕಾಂಪೌಂಡೋ? ಒಂದೊಂದು ಗೈಡಿನಲ್ಲಿ ಒಂದೊಂದು ಥರ ಇದೆ.
4. ‘ಹೂ’, ‘ವಿಚ್’ ಹಾಕಿದಾಗ ಕಾಮಾ ಯಾವಾಗ ಬೇಕು, ಯಾವಾಗ ಬೇಡ?

ಒಂಟಿಕೊಪ್ಪಲ್:

ಮೊದಲ ಎರಡಕ್ಕೆ ನಾನು ಹೇಳುತ್ತೇನೆ.

ಕೊಂಡಿಪದಗಳ ಪಟ್ಟಿಯಿಂದ ಪಾಠ ಶುರು ಮಾಡಿದರೆ ಹೀಗೇ ಆಗುವುದು. ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಮಕ್ಕಳು ಎತ್ತಿ ಅಂಟಿಸುತ್ತಾರೆ. ಒಂದು ವಾರ ಪಟ್ಟಿ ಮುಚ್ಚಿಡಿ, ಕ್ರಿಯಾಪದ ಎಣಿಸುವುದನ್ನಷ್ಟೇ ಮಾಡಿಸಿ. ಎಣಿಸಬೇಕಾದ್ದು ಪೂರ್ಣ ಕ್ರಿಯಾಪದ, ಅಂದರೆ ಫೈನೈಟ್ ವರ್ಬ್ ಮಾತ್ರ. ಅದನ್ನು ಹಿಡಿಯಲು ಸುಲಭದ ಪರೀಕ್ಷೆ ಇದೆ: ವಾಕ್ಯದ ಕಾಲ ಬದಲಿಸಿ ನೋಡಿ, ಯಾವ ಪದ ರೂಪ ಬದಲಿಸಿತೋ ಅದು ಪೂರ್ಣ ಕ್ರಿಯಾಪದ. ‘ಶೀ ಗೋಸ್ ಟು ಮೈಸೂರು ಟು ಸೀ ಹರ್ ಅಂಕಲ್’ ಎಂಬುದನ್ನು ನಿನ್ನೆಗೆ ತಿರುಗಿಸಿದರೆ ‘ಗೋಸ್’ ಹೋಗಿ ‘ವೆಂಟ್’ ಆಯಿತು, ‘ಟು ಸೀ’ ಮಿಸುಕಲಿಲ್ಲ. ಹಾಗಾಗಿ ಎಣಿಕೆ ಒಂದು. ಒಂದು ಬಂದರೆ ಸಿಂಪಲ್, ವಾಕ್ಯ ಎಷ್ಟೇ ಉದ್ದ ಇರಲಿ. ಉದ್ದ ಇದ್ದರೆ ಕಾಂಪ್ಲೆಕ್ಸ್ ಎಂಬ ನಂಬಿಕೆ ಮಕ್ಕಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಅದನ್ನು ಮೊದಲ ದಿನವೇ ಕೀಳಬೇಕು.

ಎರಡು ಬಂದರೆ ಮುಂದಿನ ಪ್ರಶ್ನೆ: ಎರಡೂ ಸಮಸಮ ಕೂತಿವೆಯೋ, ಒಂದು ಇನ್ನೊಂದರ ಅಡಿಯಲ್ಲಿದೆಯೋ? ಇದಕ್ಕೂ ಕಣ್ಣಿಗೆ ಕಾಣುವ ಪರೀಕ್ಷೆ ಇದೆ. ಕೊಂಡಿಪದದ ಸಮೇತ ಆ ಭಾಗವನ್ನು ವಾಕ್ಯದ ಮುಂದಕ್ಕೆ ತನ್ನಿ. ‘ವಿ ಸ್ಟೇಡ್ ಅಟ್ ಹೋಮ್ ಬಿಕಾಸ್ ಇಟ್ ವಾಸ್ ರೇನಿಂಗ್’ ಎಂಬುದರಲ್ಲಿ ‘ಬಿಕಾಸ್ ಇಟ್ ವಾಸ್ ರೇನಿಂಗ್’ ಮುಂದೆ ಬಂದರೂ ವಾಕ್ಯ ನಿಲ್ಲುತ್ತದೆ, ಆದ್ದರಿಂದ ಕಾಂಪ್ಲೆಕ್ಸ್. ‘ಇಟ್ ವಾಸ್ ರೇನಿಂಗ್, ಸೋ ವಿ ಸ್ಟೇಡ್ ಅಟ್ ಹೋಮ್’ ಎಂಬುದರಲ್ಲಿ ‘ಸೋ ವಿ ಸ್ಟೇಡ್ ಅಟ್ ಹೋಮ್’ ಮುಂದೆ ತಂದರೆ ವಾಕ್ಯ ಮಗುಚುತ್ತದೆ, ಆದ್ದರಿಂದ ಕಾಂಪೌಂಡ್. ಹಾಗೆ ಮುಂದಕ್ಕೆ ಬರಲೊಲ್ಲದ ಸಮಾನ ಕೊಂಡಿಗಳು ಏಳೇ: ಫಾರ್, ಅಂಡ್, ನಾರ್, ಬಟ್, ಆರ್, ಯೆಟ್, ಸೋ. ಮೊದಲಕ್ಷರ ಸೇರಿಸಿ ‘ಫ್ಯಾನ್‌ಬಾಯ್ಸ್’ ಅಂತ ನೆನಪಿಡಿಸುತ್ತಾರೆ. ಈ ಪರೀಕ್ಷೆ ‘ಹೂ’, ‘ವಿಚ್’ ಭಾಗಗಳಿಗೆ ನಡೆಯುವುದಿಲ್ಲ, ಅವು ನಾಮಪದಕ್ಕೆ ಕಚ್ಚಿಕೊಂಡೇ ಇರುವಂಥವು. ಅಲ್ಲಿ ಗೊಂದಲವೂ ಇರುವುದಿಲ್ಲ, ಅವಿದ್ದರೆ ಕಾಂಪ್ಲೆಕ್ಸೇ.

ಇನ್ನು ನಿಮ್ಮ ಮಳೆ. ಕನ್ನಡದಲ್ಲಿ ‘ಮಳೆ ಬಂದು ಕೆರೆ ತುಂಬಿತು’ ಅನ್ನುತ್ತೇವೆ. ಬಂದದ್ದು ಮಳೆ, ತುಂಬಿದ್ದು ಕೆರೆ. ಕರ್ತೃ ಬೇರೆಯಾದರೂ ‘ಬಂದು’ ಎಂಬ ಅಪೂರ್ಣ ಕ್ರಿಯೆ ತನ್ನ ಕರ್ತೃವನ್ನು ತಾನೇ ಜೊತೆಗಿಟ್ಟುಕೊಂಡಿದೆ. ಇಂಗ್ಲಿಷಿನ ‘-ಇಂಗ್’ ರೂಪಕ್ಕೆ ಎದುರಿಗೆ ಸ್ವಂತ ಕರ್ತೃ ಇಲ್ಲದಿದ್ದರೆ, ಕಾಮಾ ದಾಟಿ ಮೊದಲು ಸಿಕ್ಕ ಕರ್ತೃವನ್ನೇ ಹಿಡಿದುಕೊಳ್ಳುತ್ತದೆ. ಹಾಗಾಗಿ ‘ಸ್ಟಾಪಿಂಗ್ ದ ರೇನ್, ದ ಚಿಲ್ಡ್ರನ್…’ ಅಂದರೆ ಮಕ್ಕಳೇ ಕೈ ಅಡ್ಡ ಹಿಡಿದು ಮಳೆ ನಿಲ್ಲಿಸಿದರು ಅಂತಾಗುತ್ತದೆ. ‘ಕ್ಲೈಂಬಿಂಗ್ ದ ಸ್ಟೆಪ್ಸ್ ಆಫ್ ಚಾಮುಂಡಿ ಹಿಲ್, ದ ನಂದಿ ವಾಸ್ ಸೀನ್’ ಅಂತ ಬೋರ್ಡಿನ ಮೇಲೆ ಬರೆದು, ಮೆಟ್ಟಿಲು ಹತ್ತಿದ್ದು ಯಾರು ಅಂತ ಕೇಳಿ. ಏಕಶಿಲೆಯ ನಂದಿ ಎದ್ದು ಹತ್ತಿತು ಅಂತ ಯಾರಾದರೂ ಹೇಳಿ ನಗುತ್ತಾರೆ, ಆಮೇಲೆ ಮರೆಯುವುದಿಲ್ಲ. ಸರಿ ಮಾಡುವುದು ಹೀಗೆ: ‘ಕ್ಲೈಂಬಿಂಗ್ ದ ಸ್ಟೆಪ್ಸ್, ವಿ ಸಾ ದ ನಂದಿ.’

ಮಳೆ ವಾಕ್ಯಕ್ಕೆ ಎರಡು ದಾರಿ. ಒಂದು, ಅಪೂರ್ಣ ಕ್ರಿಯೆಗೆ ಅದರ ಕರ್ತೃವನ್ನು ಎದುರಿಗೇ ಕೊಡುವುದು: ‘ದ ರೇನ್ ಹ್ಯಾವಿಂಗ್ ಸ್ಟಾಪ್ಡ್, ದ ಚಿಲ್ಡ್ರನ್ ವೆಂಟ್ ಔಟ್ ಟು ಪ್ಲೇ.’ ಇನ್ನೊಂದು, ಕ್ರಿಯೆಯನ್ನೇ ಬಿಟ್ಟು ಬರೀ ನಾಮಪದ ಇಡುವುದು: ‘ಆಫ್ಟರ್ ದ ರೇನ್, ದ ಚಿಲ್ಡ್ರನ್ ವೆಂಟ್ ಔಟ್ ಟು ಪ್ಲೇ.’ ಎರಡನೆಯದು ಮಾತಿನಲ್ಲೂ ಬರುವ ಇಂಗ್ಲಿಷ್. ಮೊದಲನೆಯದು ಹಳೇ ಗ್ರಾಮರ್ ಪುಸ್ತಕದ ಪಂಚೆ ಶಲ್ಯ.

‘ಆಲ್ದೋ–ಬಟ್’ ಬಗ್ಗೆ: ಕನ್ನಡದಲ್ಲೇ ಆ ತಪ್ಪು ಮಾಡಿ ತೋರಿಸಿ. ‘ಬಡವನಾದರೂ ಪ್ರಾಮಾಣಿಕ’ ಸರಿ. ‘ಬಡವ, ಆದರೆ ಪ್ರಾಮಾಣಿಕ’ ಅದೂ ಸರಿ. ‘ಬಡವನಾದರೂ ಆದರೆ ಪ್ರಾಮಾಣಿಕ’ ಅಂತ ಮದ್ದೂರು ಸಂತೇಲಿ ಯಾರೂ ಹೇಳಲ್ಲ. ‘ಆಲ್ದೋ’ ಅಂದರೆ ‘-ಆದರೂ’, ‘ಬಟ್’ ಅಂದರೆ ‘ಆದರೆ’. ಎರಡು ದಡಕ್ಕೆ ಒಂದೇ ಸೇತುವೆ. ‘ಬಿಕಾಸ್… ಸೋ’ ಜೋಡಿಯೂ ಇದೇ ಕಾಯಿಲೆ. ‘ಆಲ್ದೋ… ಯೆಟ್’ ಮಾತ್ರ ಹಳೆಯ ಬರವಣಿಗೆಯಲ್ಲಿ ಸಿಗುತ್ತದೆ. ಕಂಡರೆ ತಪ್ಪು ಅಂತ ಕೆಂಪು ಗೆರೆ ಎಳೆಯಬೇಡಿ, ಹೊಸದಾಗಿ ಕಲಿಸಲೂಬೇಡಿ.

ಅದರ ಸಿಂಪಲ್ ರೂಪ ‘ಇನ್ ಸ್ಪೈಟ್ ಆಫ್ ಬೀಯಿಂಗ್ ಪೂರ್, ಹೀ ಈಸ್ ಆನೆಸ್ಟ್’ ಅಥವಾ ‘ಡಿಸ್ಪೈಟ್ ಹಿಸ್ ಪಾವರ್ಟಿ, ಹೀ ಈಸ್ ಆನೆಸ್ಟ್’. ಇಲ್ಲಿ ಎರಡು ಗುಂಡಿ: ‘ಇನ್ ಸ್ಪೈಟ್ ಆಫ್ ಹೀ ಈಸ್ ಪೂರ್’ ಅಂತ ಪೂರ್ತಿ ವಾಕ್ಯ ತುರುಕುವುದು, ಮತ್ತು ‘ಡಿಸ್ಪೈಟ್ ಆಫ್’ ಅಂತ ಬಾಲ ಸೇರಿಸುವುದು.

ಕೆಂಪುಶಾಯಿ:

ಒಂಟಿಕೊಪ್ಪಲ್ ಅವರು ‘ಹ್ಯಾವಿಂಗ್ ಸ್ಟಾಪ್ಡ್’ ರೂಪವನ್ನು ಪಂಚೆ ಶಲ್ಯ ಅಂದದ್ದು ಚೆನ್ನಾಗಿದೆ, ಆದರೆ ಪರೀಕ್ಷೆಗೆ ಕೂರುವ ಮಕ್ಕಳಿಗೆ ಅದನ್ನು ಬಿಡಿಸಬೇಡಿ. ‘ಆಫ್ಟರ್ ದ ರೇನ್’ ಎಲ್ಲ ಕಡೆ ಸಿಗುವುದಿಲ್ಲ. ‘ದ ಟೀಚರ್ ವಾಸ್ ಆಬ್ಸೆಂಟ್. ದ ಕ್ಲಾಸ್ ವಾಸ್ ಕ್ಯಾನ್ಸಲ್ಡ್.’ ಇದಕ್ಕೆ ‘ದ ಟೀಚರ್ ಬೀಯಿಂಗ್ ಆಬ್ಸೆಂಟ್, ದ ಕ್ಲಾಸ್ ವಾಸ್ ಕ್ಯಾನ್ಸಲ್ಡ್’ ಅಂತ ಮಗು ಎರಡು ಸೆಕೆಂಡಿನಲ್ಲಿ ಬರೆಯುತ್ತದೆ. ‘ಬಿಕಾಸ್ ಆಫ್ ದ ಟೀಚರ್ಸ್ ಆಬ್ಸೆನ್ಸ್’ ಮಾಡಲು ‘ಆಬ್ಸೆಂಟ್’ನಿಂದ ‘ಆಬ್ಸೆನ್ಸ್’ ಹುಟ್ಟಿಸುವುದು ಗೊತ್ತಿರಬೇಕು. ಗುಣವಾಚಕದಿಂದ, ಕ್ರಿಯಾಪದದಿಂದ ನಾಮಪದ ಮಾಡಲು ಬರದ ಮಗುವಿಗೆ ಸಿಂಪಲ್ ವಾಕ್ಯದ ಅರ್ಧ ಬಾಗಿಲು ಮುಚ್ಚಿದ ಹಾಗೆ. ಪೂರ್–ಪಾವರ್ಟಿ, ಇಲ್–ಇಲ್‌ನೆಸ್, ಲೇಟ್–ಲೇಟ್‌ನೆಸ್, ಅರೈವ್–ಅರೈವಲ್, ಫೇಲ್–ಫೇಲ್ಯೂರ್, ಇಂಥ ಐವತ್ತು ಜೋಡಿ ಬಾಯಿಪಾಠ ಮಾಡಿಸಿ. ಇಲ್ಲಿ ಬಾಯಿಪಾಠ ಕೆಲಸಕ್ಕೆ ಬರುತ್ತದೆ.

ಮೂರನೇ ಪ್ರಶ್ನೆ. ಪೂರ್ಣ ಕ್ರಿಯಾಪದ ಎರಡಿದ್ದರೂ ಕರ್ತೃ ಒಂದೇ ಆದರೆ, ಒಂದು ಪಂಥದವರು ಅದನ್ನು ಸಿಂಪಲ್ ಅನ್ನುತ್ತಾರೆ. ಕರ್ತೃ ಒಂದು, ಆಖ್ಯಾತ (ಕರ್ತೃ ಏನು ಮಾಡಿತು ಅನ್ನುವ ಭಾಗ) ಮಾತ್ರ ಜೋಡಿ ಎಂಬುದು ಅವರ ಲೆಕ್ಕ. ನಮ್ಮ ಶಾಲೆಗಳಲ್ಲಿ ನಡೆದುಬಂದ ಹಳೇ ಪದ್ಧತಿಯಲ್ಲಿ ಎರಡನೇ ‘ಹೀ’ ಅಡಗಿದೆ ಅಂತ ಭಾವಿಸಿ ಕಾಂಪೌಂಡ್ ಅನ್ನುತ್ತಾರೆ. ಎರಡೂ ಗೈಡುಗಳು ಅವುಗಳ ಪ್ರಕಾರ ಸರಿಯೇ. ಪರೀಕ್ಷೆಯಲ್ಲಿ ಜಗಳ ಬೇಡ ಅಂದರೆ ಕರ್ತೃವನ್ನು ಮತ್ತೆ ಬರೆಸಿ: ‘ಹೀ ಕೇಮ್ ಇನ್, ಅಂಡ್ ಹೀ ಸ್ಯಾಟ್ ಡೌನ್.’ ಇದನ್ನು ಕಾಂಪೌಂಡ್ ಅಲ್ಲ ಅನ್ನುವವರು ಯಾರೂ ಇಲ್ಲ. ಸಿಂಪಲ್ ಕೇಳಿದರೆ ‘ಕಮಿಂಗ್ ಇನ್, ಹೀ ಸ್ಯಾಟ್ ಡೌನ್.’ ಓದಲು ಮೊದಲನೆಯದು ಸ್ವಲ್ಪ ಕುಂಟುತ್ತದೆ ನಿಜ, ಅಂಕ ಕುಂಟುವುದಿಲ್ಲ. ಗಮನಿಸಿ, ಕರ್ತೃ ಮತ್ತೆ ಬಂದಾಗ ‘ಅಂಡ್’ ಹಿಂದೆ ಕಾಮಾ ಇದೆ, ಬಾರದಿದ್ದಾಗ ಇಲ್ಲ.

ಕಾಂಪೌಂಡ್‌ನಲ್ಲಿ ನಿಜವಾಗಿ ಅಂಕ ಹೋಗುವುದು ಬೇರೆ ಜಾಗದಲ್ಲಿ. ‘ಹೌಎವರ್’, ‘ದೇರ್‌ಫೋರ್’, ‘ಅದರ್‌ವೈಸ್’ ಇವನ್ನು ‘ಬಟ್’, ‘ಸೋ’, ‘ಆರ್’ಗಳ ಅಣ್ಣತಮ್ಮಂದಿರು ಅಂತ ತಿಳಿದು ಬರೀ ಕಾಮಾ ಹಾಕಿ ಬರೆಯುತ್ತಾರೆ. ‘ದ ರೋಡ್ ವಾಸ್ ಬ್ಲಾಕ್ಡ್, ದೇರ್‌ಫೋರ್ ವಿ ಟುಕ್ ದ ಟ್ರೇನ್’ ತಪ್ಪು. ‘ದೇರ್‌ಫೋರ್’ಗೆ ಮೊದಲು ಸೆಮಿಕೋಲನ್ ಬೇಕು, ಆದ ಮೇಲೆ ಕಾಮಾ: ‘ದ ರೋಡ್ ವಾಸ್ ಬ್ಲಾಕ್ಡ್; ದೇರ್‌ಫೋರ್, ವಿ ಟುಕ್ ದ ಟ್ರೇನ್.’ ಸೆಮಿಕೋಲನ್ ಕಂಡರೆ ಹೆದರುವ ಮಕ್ಕಳಿಗೆ ‘ಸೋ’ ಸಾಕು.

‘ನೈದರ್–ನಾರ್’ ಮಾಡುವಾಗ ಒಂದು ಸಣ್ಣ ಹುಳು. ‘ಹೀ ಡಸ್ ನಾಟ್ ಸ್ಮೋಕ್. ಹೀ ಡಸ್ ನಾಟ್ ಡ್ರಿಂಕ್.’ ಕೂಡಿಸಿದಾಗ ‘ಡಸ್ ನಾಟ್’ ಹೋಗುತ್ತದೆ. ಅದು ನುಂಗಿಟ್ಟುಕೊಂಡಿದ್ದ ‘ಎಸ್’ ಕ್ರಿಯಾಪದಕ್ಕೆ ವಾಪಸ್ ಬರಬೇಕು: ‘ಹೀ ನೈದರ್ ಸ್ಮೋಕ್ಸ್ ನಾರ್ ಡ್ರಿಂಕ್ಸ್.’ ಹತ್ತರಲ್ಲಿ ಆರು ಮಂದಿ ‘ನೈದರ್ ಸ್ಮೋಕ್ ನಾರ್ ಡ್ರಿಂಕ್’ ಅಂತಲೇ ಬಿಡುತ್ತಾರೆ. ಎದುರುಮಗ್ಗುಲಿನದು ‘ನೋ ಸೂನರ್’. ‘ನೋ ಸೂನರ್ ಡಿಡ್ ದ ಬೆಲ್ ರಿಂಗ್ ದ್ಯಾನ್ ದ ಬಾಯ್ಸ್ ರ್‍ಯಾನ್ ಔಟ್’, ಇಲ್ಲಿ ‘ಡಿಡ್’ ಭೂತಕಾಲವನ್ನು ಹೊತ್ತುಕೊಂಡಿರುವುದರಿಂದ ‘ರಂಗ್’ ಅಲ್ಲ, ‘ರಿಂಗ್’. ಜೊತೆಗೆ ಬರುವುದು ‘ದ್ಯಾನ್’. ‘ಹಾರ್ಡ್ಲಿ ಹ್ಯಾಡ್ ದ ಬೆಲ್ ರಂಗ್’ ಆದರೆ ‘ವೆನ್’. ಈ ಎರಡರ ಜೋಡಿ ಅದಲುಬದಲಾದರೆ ಪೂರ್ತಿ ಅಂಕ ಹೋಯಿತು ಅಂತಲೇ ಲೆಕ್ಕ.

ಕರ್ತೃಕರ್ಮ:

ನಾಲ್ಕನೇ ಪ್ರಶ್ನೆ ಇನ್ನೂ ಯಾರೂ ಮುಟ್ಟಿಲ್ಲ.

ಕನ್ನಡದಲ್ಲಿ ವಿಶೇಷಣ ಯಾವಾಗಲೂ ನಾಮಪದದ ಹಿಂದಿನ ಸೀಟು: ‘ಕಾಲು ಮುರಿದ ನಾಯಿ’, ‘ಮಂಡ್ಯದಲ್ಲಿರುವ ಅಣ್ಣ’. ಇಂಗ್ಲಿಷ್ ಅದನ್ನೇ ನಾಮಪದ ದಾಟಿಸಿ ಆಚೆ ಕೂರಿಸುತ್ತದೆ. ದಾಟಿಸುವಾಗ ಮಕ್ಕಳು ಅದನ್ನು ವಾಕ್ಯದ ಕೊನೆಗೇ ಕೊಂಡೊಯ್ದು ಇಡುತ್ತಾರೆ. ‘ಐ ಸಾ ಎ ಡಾಗ್ ಇನ್ ದ ಮಾರ್ಕೆಟ್ ವಿಚ್ ಹ್ಯಾಡ್ ಎ ಬ್ರೋಕನ್ ಲೆಗ್.’ ಪಾಪ ದೇವರಾಜ ಮಾರ್ಕೆಟ್‌ಗೇ ಕಾಲು ಮುರಿಯಿತು. ನಿಯಮ ಒಂದೇ: ‘ಹೂ’, ‘ವಿಚ್’, ‘ದಟ್’ ಯಾರ ಬಗ್ಗೆಯೋ ಅವರ ಬೆನ್ನಿಗೇ ಅಂಟಬೇಕು. ‘ಇನ್ ದ ಮಾರ್ಕೆಟ್, ಐ ಸಾ ಎ ಡಾಗ್ ದಟ್ ಹ್ಯಾಡ್ ಎ ಬ್ರೋಕನ್ ಲೆಗ್.’ ಸಿಂಪಲ್ ಬೇಕೆಂದರೆ ‘ಐ ಸಾ ಎ ಡಾಗ್ ವಿತ್ ಎ ಬ್ರೋಕನ್ ಲೆಗ್ ಇನ್ ದ ಮಾರ್ಕೆಟ್.’

ಇನ್ನೊಂದು, ‘ಹೂ’ ಬಂದ ಮೇಲೆ ‘ಹೀ’ ಉಳಿಯಬಾರದು. ‘ದ ಬಾಯ್ ಹೂ ಹೀ ವನ್ ದ ಪ್ರೈಜ್’ ಅಂತ ಬರೆಯುವವರಿಗೆ, ‘ಹೂ’ ಕೂತಿರುವುದು ‘ಹೀ’ ಖಾಲಿ ಮಾಡಿದ ಕುರ್ಚಿಯಲ್ಲೇ ಅಂತ ಹೇಳಿ.

ಕಾಮಾ ಅರ್ಥವನ್ನೇ ಬದಲಿಸುತ್ತದೆ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಮಂಡ್ಯ ಈಸ್ ಎ ಫಾರ್ಮರ್’ ಅಂದರೆ ಅಣ್ಣತಮ್ಮಂದಿರು ಒಬ್ಬರಿಗಿಂತ ಹೆಚ್ಚಿದ್ದಾರೆ, ಮಂಡ್ಯದಲ್ಲಿರುವವನ ವಿಷಯ ಹೇಳುತ್ತಿದ್ದೇನೆ ಅಂತ. ‘ಮೈ ಬ್ರದರ್, ಹೂ ಲಿವ್ಸ್ ಇನ್ ಮಂಡ್ಯ, ಈಸ್ ಎ ಫಾರ್ಮರ್’ ಅಂದರೆ ಇರುವವನು ಒಬ್ಬನೇ, ಮಂಡ್ಯ ಎಂಬುದು ಮೇಲುಮಾತು. ಯಾರು ಅಂತ ಗುರುತಿಸಲು ಆ ಭಾಗ ಬೇಕೇಬೇಕು ಅಂದರೆ ಕಾಮಾ ಇಲ್ಲ. ತೆಗೆದರೂ ಯಾರೆಂದು ಗೊತ್ತಾಗುತ್ತದೆ ಅಂದರೆ ಎರಡೂ ಬದಿಗೆ ಕಾಮಾ. ಎರಡೂ ಬದಿಗೆ, ಒಂದೇ ಬದಿಗಲ್ಲ. ಕಾಮಾ ಇರುವ ಜಾಗದಲ್ಲಿ ‘ದಟ್’ ಬರುವುದಿಲ್ಲ.

ಅಂಕಿತನಾಮಕ್ಕೆ ಸಾಮಾನ್ಯವಾಗಿ ಕಾಮಾ ಬೇಕು, ಏಕೆಂದರೆ ಹೆಸರೇ ಗುರುತು ಹೇಳಿ ಆಗಿದೆ. ಮೈಸೂರು ಅರಮನೆಯ ಉದಾಹರಣೆ ಹಾಕಿ: ‘ಮೈಸೂರು ಪ್ಯಾಲೇಸ್ ವಾಸ್ ಡಿಸೈನ್ಡ್ ಬೈ ಹೆನ್ರಿ ಅರ್ವಿನ್. ಇಟ್ ವಾಸ್ ಕಂಪ್ಲೀಟೆಡ್ ಇನ್ 1912.’

ಕಾಂಪ್ಲೆಕ್ಸ್: ‘ಮೈಸೂರು ಪ್ಯಾಲೇಸ್, ವಿಚ್ ವಾಸ್ ಡಿಸೈನ್ಡ್ ಬೈ ಹೆನ್ರಿ ಅರ್ವಿನ್, ವಾಸ್ ಕಂಪ್ಲೀಟೆಡ್ ಇನ್ 1912.’

ಅದರಿಂದ ‘ವಿಚ್ ವಾಸ್’ ಎರಡೇ ಪದ ಕಿತ್ತು ನೋಡಿ: ‘ಮೈಸೂರು ಪ್ಯಾಲೇಸ್, ಡಿಸೈನ್ಡ್ ಬೈ ಹೆನ್ರಿ ಅರ್ವಿನ್, ವಾಸ್ ಕಂಪ್ಲೀಟೆಡ್ ಇನ್ 1912.’ ಪೂರ್ಣ ಕ್ರಿಯಾಪದ ಒಂದಕ್ಕಿಳಿಯಿತು, ಸಿಂಪಲ್ ಆಯಿತು. ಸಿಂಪಲ್ ಜಾಗ ಖಾಲಿ ಬಿಡುವ ಮಕ್ಕಳಿಗೆ ಇದಕ್ಕಿಂತ ಸಲೀಸಾದ ಉಪಾಯ ಇಲ್ಲ. ಮೊದಲು ‘ವಿಚ್’ ಹಾಕಿ ಕಾಂಪ್ಲೆಕ್ಸ್ ಮಾಡು, ಆಮೇಲೆ ‘ವಿಚ್ ಈಸ್’, ‘ವಿಚ್ ವಾಸ್’, ‘ಹೂ ಈಸ್’, ‘ಹೂ ವಾಸ್’ ಇದ್ದರೆ ಕಿತ್ತುಹಾಕು. ‘ಮಂಡ್ಯ, ವಿಚ್ ಈಸ್ ಎ ಡಿಸ್ಟ್ರಿಕ್ಟ್ ಹೆಡ್‌ಕ್ವಾರ್ಟರ್ಸ್, ಈಸ್ ನೋನ್ ಫಾರ್ ಇಟ್ಸ್ ಶುಗರ್’ ಎಂಬುದೂ ಹೀಗೇ ಇಳಿಯುತ್ತದೆ. ‘ವಿಚ್’ ಮುಂದೆ ‘ಈಸ್’, ‘ವಾಸ್’ ಇಲ್ಲದೆ ನೇರ ಕ್ರಿಯಾಪದ ಇದ್ದರೆ ಕಿತ್ತರೆ ಸಾಲದು, ಅದನ್ನು ‘-ಇಂಗ್’ ಮಾಡಬೇಕು: ‘ದ ರಿವರ್ ವಿಚ್ ಫ್ಲೋಸ್ ಪಾಸ್ಟ್ ಶ್ರೀರಂಗಪಟ್ಟಣ’ ಹೋಗಿ ‘ದ ರಿವರ್ ಫ್ಲೋಯಿಂಗ್ ಪಾಸ್ಟ್ ಶ್ರೀರಂಗಪಟ್ಟಣ.’

ಕನ್ನಡ ಮಾಧ್ಯಮದವರಿಗೆ ವಿಶೇಷವಾಗಿ ಕಾಡುವ ಇನ್ನೆರಡನ್ನು ಹೇಳಿಬಿಡುತ್ತೇನೆ, ನೀವು ಕೇಳಿಲ್ಲದಿದ್ದರೂ.

ನಮ್ಮ ‘ಎಂದು’ ಅಥವಾ ‘ಅಂತ’ ಇದೆಯಲ್ಲ, ಅದು ಹೇಳಿದ ಮಾತನ್ನು ಹಾಗೇ ಹೊತ್ತು ತರುತ್ತದೆ. ‘ಬಸ್ ಸ್ಟ್ಯಾಂಡ್ ಎಲ್ಲಿದೆ ಅಂತ ಕೇಳಿದ.’ ಪ್ರಶ್ನೆ ಪ್ರಶ್ನೆಯಾಗೇ ಉಳಿಯಿತು, ಕಾಲವೂ ಬದಲಾಗಲಿಲ್ಲ. ಅದೇ ಅಚ್ಚಿನಲ್ಲಿ ‘ಹೀ ಆಸ್ಕ್ಡ್ ಮಿ ದಟ್ ವೇರ್ ಈಸ್ ದ ಬಸ್ ಸ್ಟ್ಯಾಂಡ್’ ಹುಟ್ಟುತ್ತದೆ. ಮೂರು ತಿದ್ದುಪಡಿ ಬೇಕು: ‘ದಟ್’ ತೆಗೆ, ಕ್ರಿಯಾಪದವನ್ನು ಕರ್ತೃವಿನ ಹಿಂದಿನಿಂದ ಮುಂದಕ್ಕೆ ದಾಟಿಸು, ‘ಈಸ್’ ಅನ್ನು ‘ವಾಸ್’ ಮಾಡು. ‘ಹೀ ಆಸ್ಕ್ಡ್ ಮಿ ವೇರ್ ದ ಬಸ್ ಸ್ಟ್ಯಾಂಡ್ ವಾಸ್.’

ಎರಡನೆಯದು ‘ನೋಡುವುದಕ್ಕೆ’. ಚತುರ್ಥಿಯ ‘-ಕ್ಕೆ’ ಕಂಡ ಕೂಡಲೇ ‘ಫಾರ್’ ಬರುತ್ತದೆ: ‘ಹೀ ವೆಂಟ್ ಟು ಮೈಸೂರು ಫಾರ್ ಸೀಯಿಂಗ್ ದಸರಾ.’ ಯಾವ ಉದ್ದೇಶಕ್ಕೆ ಹೋದ ಅನ್ನುವಾಗ ‘ಟು ಸೀ ದಸರಾ’ ಸಾಕು, ಅದು ಸಿಂಪಲ್. ಕಾಂಪ್ಲೆಕ್ಸ್ ಆದರೆ ‘ಸೋ ದಟ್ ಹೀ ಕುಡ್ ಸೀ ದಸರಾ.’ ಬರೀ ‘ಸೋ’ ಪರಿಣಾಮ ಹೇಳುತ್ತದೆ, ‘ಸೋ ದಟ್’ ಉದ್ದೇಶ ಹೇಳುತ್ತದೆ. ಒಂದು ಕಾಂಪೌಂಡ್ ಕಡೆ, ಇನ್ನೊಂದು ಕಾಂಪ್ಲೆಕ್ಸ್ ಕಡೆ.

ಮಂಡ್ಯ_ಟ್ಯೂಷನ್:

‘ವಿಚ್ ವಾಸ್’ ಕೀಳುವ ಉಪಾಯ ತುಂಬ ಉಪಯೋಗ ಆಯ್ತು. ನಂದಿ ಉದಾಹರಣೆಗೆ ಕ್ಲಾಸೇ ನಕ್ಕಿತು. ಎರಡು ವಾಕ್ಯದ ಮಟ್ಟಿಗೆ ಈಗ ಪರವಾಗಿಲ್ಲ. ಐದಾರು ವಾಕ್ಯ ಒಟ್ಟಿಗೆ ಕೊಟ್ಟರೆ ಮಾತ್ರ ಮತ್ತೆ ‘ಅಂಡ್… ಅಂಡ್… ಅಂಡ್’. ಮತ್ತೆ, ‘ಟೂ ಹೆವಿ’ ವಾಕ್ಯದಲ್ಲಿ ಕೊನೆಗೆ ‘ಇಟ್’ ಬೇಕೋ ಬೇಡವೋ?

ಕೆಂಪುಶಾಯಿ:

‘ದ ಬ್ಯಾಗ್ ಈಸ್ ಟೂ ಹೆವಿ ಫಾರ್ ಮಿ ಟು ಲಿಫ್ಟ್.’ ‘ಇಟ್’ ಬೇಡ, ಕರ್ತೃ ಸ್ಥಾನದ ‘ಬ್ಯಾಗ್’ ಆಗಲೇ ಆ ಕೆಲಸ ಮಾಡಿದೆ. ‘ದ ಬ್ಯಾಗ್ ಈಸ್ ಸೋ ಹೆವಿ ದಟ್ ಐ ಕೆನಾಟ್ ಲಿಫ್ಟ್ ಇಟ್.’ ಇಲ್ಲಿ ಬೇಕು. ‘ದಟ್’ ಆಚೆ ಪೂರ್ತಿ ಹೊಸ ಉಪವಾಕ್ಯ ಇದೆ, ಅದಕ್ಕೆ ಸ್ವಂತ ಕರ್ಮ ಬೇಕು. ‘ಟೂ’ ಜೊತೆ ‘ನಾಟ್’ ಬರೆಯದಂತೆಯೂ ನೋಡಿಕೊಳ್ಳಿ, ‘ಅನ್‌ಲೆಸ್’ ಜೊತೆಗೂ ಅಷ್ಟೇ. ಎರಡರ ಹೊಟ್ಟೆಯಲ್ಲೂ ನಿಷೇಧ ಇದೆ.

ಆಲೆಮನೆ:

ಐದಾರು ವಾಕ್ಯಕ್ಕೆ ಮಂಡ್ಯದ ಮಕ್ಕಳಿಗೆ ಬೇರೆಲ್ಲೂ ಹುಡುಕಬೇಕಿಲ್ಲ, ಬೆಲ್ಲ ಮಾಡುವುದನ್ನೇ ಕೊಡಿ.

‘ದ ವರ್ಕರ್ಸ್ ಕ್ರಶ್ ದ ಕೇನ್. ದೇ ಬಾಯಿಲ್ ದ ಜ್ಯೂಸ್ ಇನ್ ಎ ವೈಡ್ ಪ್ಯಾನ್. ಸ್ಕಮ್ ರೈಸಸ್. ದೇ ರಿಮೂವ್ ದ ಸ್ಕಮ್. ದ ಸಿರಪ್ ಥಿಕನ್ಸ್. ದೇ ಪೋರ್ ದ ಸಿರಪ್ ಇಂಟು ಮೌಲ್ಡ್ಸ್.’

ಪೆನ್ನು ಹಿಡಿಯುವ ಮೊದಲು ಇದನ್ನೇ ಕನ್ನಡದಲ್ಲಿ ಒಂದು ಉಸಿರಿಗೆ ಹೇಳಿಸಿ. ಯಾವ ಮಗುವಾದರೂ ಹೇಳುವುದು ಹೀಗೆ: ‘ಕಬ್ಬು ಅರೆದು, ಹಾಲನ್ನು ಕೊಪ್ಪರಿಗೇಲಿ ಕಾಯಿಸಿ, ಎದ್ದ ಮಡ್ಡಿ ತೆಗೆದು, ಗಟ್ಟಿಯಾದ ಪಾಕನ ಅಚ್ಚಿಗೆ ಹುಯ್ತಾರೆ.’ ಎಣಿಸಿ ನೋಡಿ. ಆರು ಕ್ರಿಯೆಯಲ್ಲಿ ಪೂರ್ಣ ಕ್ರಿಯಾಪದ ಒಂದೇ, ‘ಹುಯ್ತಾರೆ’. ಉಳಿದ ಐದೂ ಇಳಿದಿವೆ, ಇಳಿದದ್ದು ಮಾತ್ರ ಎರಡು ರೀತಿ. ಕೆಲಸಗಾರರೇ ಮಾಡಿದವು ‘ಅರೆದು, ಕಾಯಿಸಿ, ತೆಗೆದು’ ಆದವು. ಬೇರೆಯದರ ಕ್ರಿಯೆಗಳು ವಿಶೇಷಣವಾಗಿ ಆಯಾ ನಾಮಪದದ ಜೊತೆ ಸೇರಿಕೊಂಡವು: ಮಡ್ಡಿ ಏಳುವುದು ‘ಎದ್ದ ಮಡ್ಡಿ’, ಪಾಕ ಗಟ್ಟಿಯಾಗುವುದು ‘ಗಟ್ಟಿಯಾದ ಪಾಕ’.

ಈ ಕನ್ನಡದ ಎಲುಬುಗೂಡಿನ ಮೇಲೇ ಇಂಗ್ಲಿಷ್ ಹೊದಿಸಿ. ‘-ದು, -ಸಿ’ ಬಂದಲ್ಲಿ ‘ಹ್ಯಾವಿಂಗ್’, ‘ಎದ್ದ, ಆದ’ ಬಂದಲ್ಲಿ ವಿಶೇಷಣ:

‘ಹ್ಯಾವಿಂಗ್ ಕ್ರಶ್ಡ್ ದ ಕೇನ್, ಬಾಯಿಲ್ಡ್ ದ ಜ್ಯೂಸ್ ಇನ್ ಎ ವೈಡ್ ಪ್ಯಾನ್ ಅಂಡ್ ರಿಮೂವ್ಡ್ ದ ರೈಸಿಂಗ್ ಸ್ಕಮ್, ದ ವರ್ಕರ್ಸ್ ಪೋರ್ ದ ಥಿಕನ್ಡ್ ಸಿರಪ್ ಇಂಟು ಮೌಲ್ಡ್ಸ್.’

ಪೂರ್ತಿ ಸಿಂಪಲ್. ನಡುವೆ ‘ಅಂಡ್’ ಇದೆಯಲ್ಲ ಅಂತ ಯಾರಾದರೂ ಕೇಳುತ್ತಾರೆ, ಕೇಳಲಿ. ಆ ‘ಅಂಡ್’ ಕೂಡಿಸಿರುವುದು ಅಪೂರ್ಣ ಕ್ರಿಯೆಗಳನ್ನು, ವಾಕ್ಯಗಳನ್ನಲ್ಲ. ‘ಅಂಡ್’ ಕಂಡ ಮಾತ್ರಕ್ಕೆ ಕಾಂಪೌಂಡ್ ಅಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಕಾಂಪ್ಲೆಕ್ಸ್ ಬೇಕಾದಾಗ ಕೊನೆಯ ಹಂತವನ್ನು ಮುಖ್ಯವಾಗಿಟ್ಟು, ಅದು ಯಾವಾಗ ಅಂತ ಕೇಳಿ: ‘ವೆನ್ ದ ಸಿರಪ್ ಥಿಕನ್ಸ್, ದ ವರ್ಕರ್ಸ್ ಪೋರ್ ಇಟ್ ಇಂಟು ಮೌಲ್ಡ್ಸ್.’ ಮುಂದೆ ನಡೆಯುವುದರ ಬಗ್ಗೆ ಬರೆಯುವಾಗಲೂ ‘ವೆನ್’, ‘ಇಫ್’ ಭಾಗಕ್ಕೆ ‘ವಿಲ್’ ಬೇಡ: ‘ವೆನ್ ದ ಸಿರಪ್ ಥಿಕನ್ಸ್, ದೇ ವಿಲ್ ಪೋರ್ ಇಟ್.’ ನಾವೂ ‘ಗಟ್ಟಿಯಾದಾಗ ಹುಯ್ತಾರೆ’ ಅಂತೀವಿ, ‘ಗಟ್ಟಿಯಾಗುತ್ತದಾಗ’ ಅನ್ನಲ್ಲ. ಭವಿಷ್ಯ ಒಂದೇ ಕಡೆ ಸಾಕು.

ಆರನ್ನೂ ‘ಅಂಡ್’ನಿಂದಲೇ ಕಟ್ಟಿದರೆ ವ್ಯಾಕರಣ ತಪ್ಪಲ್ಲ, ಓದುವವನಿಗೆ ಮಡ್ಡಿಯೂ ಬೆಲ್ಲವೂ ಒಂದೇ ತೂಕ ಆಗುತ್ತದೆ. ಒಂದು ವಾಕ್ಯದಲ್ಲಿ ಒಂದೇ ‘ಅಂಡ್’ ಅಂತ ಒಂದು ತಿಂಗಳು ಕಟ್ಟುನಿಟ್ಟು ಮಾಡಿ ನೋಡಿ.

ಕ್ಲಾಸಿನಲ್ಲಿ ಮಾಡಿಸುವಾಗ ಆರು ವಾಕ್ಯವನ್ನೂ ಆರು ಕಾಗದದ ಪಟ್ಟಿ ಮೇಲೆ ಬರೆಸಿ, ಕ್ರಿಯಾಪದದ ಜಾಗ ಪೆನ್ಸಿಲ್‌ನಲ್ಲಿರಲಿ, ಉಳಿದದ್ದು ಪೆನ್ನಿನಲ್ಲಿ. ಪಟ್ಟಿ ಜೋಡಿಸುತ್ತಾ ಅಳಿಸುವುದು, ತಿದ್ದುವುದು ಪೆನ್ಸಿಲ್ ಭಾಗದಲ್ಲಿ ಮಾತ್ರ. ಕೊನೆಗೆ ರೂಪ ಬದಲಿಸದೆ ಉಳಿದ ಪೆನ್ಸಿಲ್ ಎಷ್ಟು ಎಂಬುದೇ ಅವರ ಉತ್ತರ.

ಮಂಡ್ಯ_ಟ್ಯೂಷನ್:

ಬೆಲ್ಲದ ವಾಕ್ಯ ಇವತ್ತೇ ಕೊಟ್ಟೆ. ಹೆಚ್ಚಿನವರು ದಡ ಸೇರಿದರು. ಒಂದು ಉತ್ತರ ಹೀಗೆ ಬಂದಿದೆ, ಇದರಲ್ಲಿ ತಪ್ಪು ಒಂದೋ ಎರಡೋ? ‘ಬಾಯಿಲಿಂಗ್ ದ ಜ್ಯೂಸ್, ದ ಸ್ಕಮ್ ರೈಸಸ್ ಅಂಡ್ ರಿಮೂವ್ಡ್ ಬೈ ದ ವರ್ಕರ್ಸ್.’

ಒಂಟಿಕೊಪ್ಪಲ್:

ಎರಡು. ಒಂದು ನಮ್ಮ ನಂದಿಯೇ, ಇಲ್ಲಿ ಮಡ್ಡಿ ಸೌದೆ ಹಾಕಿ ಹಾಲು ಕಾಯಿಸುತ್ತಿದೆ. ಇನ್ನೊಂದು ‘ಅಂಡ್’ ಆಚೆ ‘ಈಸ್’ ಬಿಟ್ಟುಹೋಗಿದೆ. ‘ರೈಸಸ್’ ತಾನಾಗಿ ಏಳುವುದು, ‘ರಿಮೂವ್ಡ್’ ಬೇರೆಯವರು ತೆಗೆಯುವುದು. ಎರಡಕ್ಕೂ ಹಂಚಿಕೊಳ್ಳಲು ಸಹಾಯಕ ಕ್ರಿಯಾಪದ ಮೊದಲ ಕಡೆ ಇಲ್ಲವೇ ಇಲ್ಲ, ಆದ್ದರಿಂದ ಎರಡನೆಯದು ತನ್ನದನ್ನು ತಾನೇ ತರಬೇಕು. ‘ವೆನ್ ದ ಜ್ಯೂಸ್ ಬಾಯಿಲ್ಸ್, ದ ಸ್ಕಮ್ ರೈಸಸ್ ಅಂಡ್ ಈಸ್ ರಿಮೂವ್ಡ್ ಬೈ ದ ವರ್ಕರ್ಸ್.’ ಸಿಂಪಲ್ಲೇ ಕೇಳಿದ್ದರೆ ‘ದ ಸ್ಕಮ್ ರೈಸಿಂಗ್ ಫ್ರಮ್ ದ ಬಾಯಿಲಿಂಗ್ ಜ್ಯೂಸ್ ಈಸ್ ರಿಮೂವ್ಡ್ ಬೈ ದ ವರ್ಕರ್ಸ್.’ ಅದೇ ‘ಬಾಯಿಲಿಂಗ್’ ಇಲ್ಲಿಯೂ ಇದೆ. ಈ ಸಲ ‘ಜ್ಯೂಸ್’ಗೆ ಅಂಟಿ ಕೂತಿರುವುದರಿಂದ ಕುದಿಯುತ್ತಿರುವುದು ಹಾಲೇ.